ನೆರೆಯವರ ಮಗು ಮನೆ ಸೇರಿತೋ?

ಓದತಕ್ಕ ವೇದಭಾಗಗಳು: ಲೂಕ 2:41–52, ವಿಮೋಚನಕಾಂಡ 2:1–10, ಮತ್ತಾಯ 18:1–14.



ಪುತ್ತೂರು, ಸುಳ್ಯ, ಕಡಬ ಎಂಬ ನಮ್ಮ ಮೂರು ತಾಲೂಕುಗಳಲ್ಲಿ ಸಾಯಂಕಾಲ ನಾಲ್ಕು ಗಂಟೆಯ ಸುಮಾರಿಗೆ ಶಾಲೆಗಳು ಬಿಡುತ್ತವೆ. ಮಕ್ಕಳು ಚೀಲಗಳನ್ನು ಹೆಗಲಿಗೆ ಹಾಕಿಕೊಂಡು, ಮಳೆಗಾಲವಾದರೆ ಕೊಡೆಗಳನ್ನು ಹಿಡಿದುಕೊಂಡು, ಗುಂಪುಗುಂಪಾಗಿ ಹೊರಡುತ್ತಾರೆ. ಮಾರ್ಗದ ತಿರುವಿನ ವರೆಗೆ ಹತ್ತು ಮಂದಿ ಇರುವರು. ಅಂಗಡಿಯ ಬಳಿಗೆ ಬರುವಾಗ ಐದು ಮಂದಿ. ತೋಡಿನ ಸಂಕದ ಬಳಿಗೆ ಮುಟ್ಟುವಾಗ ಇಬ್ಬರು. ಗುಡ್ಡೆಯ ಮೇಲಿನ ಕಡೇ ಮನೆಗೆ ಹೋಗುವ ಕಾಲುದಾರಿಯಲ್ಲಿ ಒಂದೇ ಮಗು.

ಆ ಗಳಿಗೆಯಲ್ಲಿ ಅದರ ತಂದೆತಾಯಿಗಳು ಎಲ್ಲಿರುವರು? ತಂದೆಯು ಯಾರದೋ ಅಡಿಕೆಯ ತೋಟದಲ್ಲಿ ಮದ್ದು ಬಿಡುತ್ತಾ ಮರದ ಮೇಲೆ ಇರುವನು. ತಾಯಿಯು ಗೇರುಬೀಜದ ಕಾರ್ಖಾನೆಯಿಂದ ಇನ್ನೂ ಹೊರಟಿಲ್ಲ, ಇಲ್ಲವೆ ಕಟ್ಟಿದ ಬೀಡಿಗಳನ್ನು ಕೊಡುವದಕ್ಕೆ ಬ್ರಾಂಚಿನಲ್ಲಿ ಕಾದು ನಿಂತಿರುವಳು, ಇಲ್ಲವೆ ಅಸ್ವಸ್ಥಳಾದ ಅತ್ತೆಯೊಂದಿಗೆ ಆಸ್ಪತ್ರೆಯಲ್ಲಿರುವಳು. ಇವರು ಅಲಕ್ಷ್ಯಗಾರರಲ್ಲ, ಆ ಮಗುವಿನ ಅನ್ನಕ್ಕಾಗಿಯೇ ದುಡಿಯುವವರು. ಆದರೆ ಶಾಲೆಯ ಗಂಟೆ ಬಾರಿಸಿದಂದಿನಿಂದ ಮನೆಯ ಬೀಗ ತೆರೆಯುವ ವರೆಗೆ ಒಂದು ತಾಸೋ ಎರಡು ತಾಸೋ ಉಳಿಯುತ್ತದೆ. ಉಪಾಧ್ಯಾಯರ ಕೆಲಸ ಮುಗಿಯಿತು. ತಂದೆತಾಯಿಗಳು ಇನ್ನೂ ಮುಟ್ಟಲಿಲ್ಲ. ಈ ನಡುವಣ ಹೊತ್ತು ಯಾರದು? ಈ ತಿಂಗಳು ಇದೊಂದೇ ಪ್ರಶ್ನೆಯನ್ನು ದೇವರ ವಾಕ್ಯದ ಬೆಳಕಿನಲ್ಲಿ ನಾವು ಆಲೋಚಿಸೋಣ.

ನಮ್ಮ ಕರ್ತನ ಬಾಲ್ಯವನ್ನು ಕುರಿತು ಸುವಾರ್ತೆಗಳಲ್ಲಿ ಬಹು ಸ್ವಲ್ಪವೇ ಬರೆದದೆ. ಆ ಸ್ವಲ್ಪದಲ್ಲಿಯೂ ಒಂದು ಭಾಗವು ಸಾಯಂಕಾಲ ಮಗುವು ಕಾಣದೆ ಹೋದ ಸಂಗತಿಯಾಗಿರುವದು ಆಶ್ಚರ್ಯವಲ್ಲವೇ? ಹನ್ನೆರಡು ವರುಷದ ಬಾಲಕನಾದ ಯೇಸುವು ತಂದೆತಾಯಿಗಳ ಸಂಗಡ ಪಸ್ಕ ಹಬ್ಬಕ್ಕೆ ಯೆರೂಸಲೇಮಿಗೆ ಹೋದನು. ಹಬ್ಬವು ತೀರಿದ ಮೇಲೆ ನಜರೇತಿನ ಕಡೆಗೆ ಹೊರಟ ಜನರ ತಂಡವು ದೊಡ್ಡದಾಗಿತ್ತು. ಹುಡುಗನು ಆ ತಂಡದಲ್ಲಿ ಎಲ್ಲಿಯಾದರೂ ಇದ್ದಾನೆಂದು ನೆನಸಿ ಮರಿಯಳೂ ಯೋಸೇಫನೂ ಒಂದು ಹಗಲಿನ ಪ್ರಯಾಣ ಮಾಡಿದರು. ಆಮೇಲೆ ಬಂಧುಗಳಲ್ಲಿಯೂ ಪರಿಚಿತರಲ್ಲಿಯೂ ಹುಡುಕಿದರು. ಯಾರ ಬಳಿಯಲ್ಲಿಯೂ ಅವನು ಇರಲಿಲ್ಲ.

ಪ್ರಿಯರೇ, ಇಲ್ಲಿ ದುಷ್ಟರು ಯಾರು? ಒಬ್ಬರೂ ಇಲ್ಲ. ಮರಿಯಳಿಗಿಂತ ಪ್ರೀತಿಯುಳ್ಳ ತಾಯಿ ಯಾರು? ಯೋಸೇಫನಿಗಿಂತ ನೀತಿವಂತನಾದ ಪಾಲಕನು ಯಾರು? ಆ ತಂಡದವರೆಲ್ಲರೂ ದೇವರ ಹಬ್ಬವನ್ನು ಆಚರಿಸಿ ಬರುತ್ತಿದ್ದ ಭಕ್ತರು. ಆದರೆ ತಾಯಿಯು, ಮಗನು ಬಂಧುಗಳೊಂದಿಗೆ ಇದ್ದಾನೆಂದು ತಿಳಿದಳು; ಬಂಧುಗಳು, ಅವನು ತಾಯಿಯೊಂದಿಗೆ ಇದ್ದಾನೆಂದು ತಿಳಿದಿದ್ದರು. ಇಷ್ಟು ಮಂದಿಯ ನಡುವೆ ಒಂದು ಮಗುವು ಕಾಣದೆ ಹೋಗುವದಕ್ಕೆ ಯಾರ ಕೆಟ್ಟತನವೂ ಬೇಕಾಗಲಿಲ್ಲ. ಎಲ್ಲರ ಊಹೆಯು ಸಾಕಾಯಿತು. ನಮ್ಮ ಊರುಗಳಲ್ಲಿಯೂ ಹೀಗೆಯೇ ಆಗುತ್ತದೆ. ಅವರ ಮನೆಯವರು ಯಾರಾದರೂ ಬರುವರು, ಆ ಅಂಗಡಿಯವರು ನೋಡಿಯಾರು, ಸಂಗಡ ದೊಡ್ಡ ಹುಡುಗರು ಇದ್ದಾರೆ ಎಂದು ನಾವು ಹೇಳುತ್ತೇವೆ. ಹೇಳಿ ನಡೆದು ಹೋಗುತ್ತೇವೆ.

ಇದನ್ನು ಬರೆಯುವ ನಾವೇ ಹೀಗೆ ನಡೆದು ಹೋದವರು. ಆ ಸಂಗತಿಯನ್ನು ಅಡಗಿಸಿಟ್ಟು ನಿಮಗೆ ಬುದ್ಧಿ ಹೇಳುವದು ಯೋಗ್ಯವಲ್ಲವಾದ್ದರಿಂದ ಇಲ್ಲಿ ಅರಿಕೆಮಾಡುತ್ತೇವೆ.

ಕೆಲವು ವರುಷಗಳ ಹಿಂದೆ ಆಟಿ ತಿಂಗಳಿನ ಒಂದು ಸಾಯಂಕಾಲ ಕಡಬದ ಕಡೆಯ ಒಂದು ಹಳ್ಳಿಯಲ್ಲಿ ಮನೆಪ್ರಾರ್ಥನೆಗೆಂದು ಹೋಗುತ್ತಿದ್ದೆವು. ಮಳೆಯು ಬಿಡದೆ ಸುರಿಯುತ್ತಿತ್ತು. ದಾರಿಯಲ್ಲಿ ಮುಚ್ಚಿದ ಒಂದು ಅಂಗಡಿಯ ಜಗಲಿಯ ಮೇಲೆ ಎಂಟು ವರುಷದ ಹುಡುಗಿಯೊಬ್ಬಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅವಳು ನಮ್ಮ ಸಭೆಯ ಒಂದು ಕುಟುಂಬದವಳೇ. “ಏನು ಮಗಾ, ಮನೆಗೆ ಹೋಗುವದಿಲ್ಲವೋ?” ಎಂದು ಕೇಳಿದೆವು. “ಅಮ್ಮ ಈಗ ಬರುತ್ತಾರೆ, ಅಯ್ಯನವರೇ” ಅಂದಳು. “ಜಾಗ್ರತೆ” ಎಂದು ಹೇಳಿ ನಾವು ಮುಂದೆ ಹೋದೆವು. ಪ್ರಾರ್ಥನೆಗೆ ಹೊತ್ತಾಗಿತ್ತು, ಜನರು ಕಾದಿದ್ದರು. ಆ ಪ್ರಾರ್ಥನೆಯಲ್ಲಿ ಊರಿನ ಮಕ್ಕಳೆಲ್ಲರನ್ನೂ ದೇವರು ಕಾಪಾಡಲಿ ಎಂದು ನಾವು ಬೇಡಿಕೊಂಡದ್ದೂ ನೆನಪಿದೆ.

ಕೂಟವು ಮುಗಿಯುವದರೊಳಗೆ ಕತ್ತಲಾಯಿತು. ಆ ಹುಡುಗಿಯ ತಾಯಿಯು ಒದ್ದೆಯಾಗಿ ಓಡಿಬಂದು ಬಾಗಲಲ್ಲಿ ನಿಂತಳು. ದಾರಿಯಲ್ಲಿ ಮರವು ಬಿದ್ದು ಬಸ್ಸು ತಡೆದು ನಿಂತಿದ್ದರಿಂದ ಅವಳು ಮೈಲುಗಟ್ಟಲೆ ನಡೆದು ಬಂದಿದ್ದಳು. “ಅಯ್ಯನವರೇ, ನನ್ನ ಮಗಳನ್ನು ಕಂಡಿರೋ?” ಎಂದು ಕೇಳಿದಳು. ಕಂಡೆವು ಎಂದು ಹೇಳುವದಕ್ಕೆ ನಮ್ಮ ನಾಲಿಗೆ ಏಳಲಿಲ್ಲ. ಅಂಗಡಿಯ ಜಗಲಿಯಲ್ಲಿ ಅವಳು ಇರಲಿಲ್ಲ. ಟಾರ್ಚುಗಳನ್ನು ಹಿಡಿದುಕೊಂಡು ತೋಡಿನ ಬಳಿಗೆ ಹೋದೆವು. ಅಡಿಕೆಯ ಮರಗಳನ್ನು ಅಡ್ಡವಿಟ್ಟು ಮಾಡಿದ ಸಂಕದ ಮೇಲೆಯೇ ನೀರು ಹರಿಯುತ್ತಿತ್ತು. ಆಗ ತಾಯಿಯು ಕೂಗಿದ ಕೂಗನ್ನು ನಾವು ಇಂದಿಗೂ ಮರೆಯಲಿಲ್ಲ.

ದೇವರು ಕರುಣಾಳುವಾಗಿದ್ದನು. ತೋಡಿನ ಬದಿಯ ಗುಡಿಸಲಿನಲ್ಲಿ ದೀಪ ಕಾಣಿಸಿತು. ಅಲ್ಲಿ ಬೀಡಿ ಕಟ್ಟಿ ಬದುಕುವ ಒಬ್ಬ ಮುದುಕಿ ಇದ್ದಳು, ನಮ್ಮ ಸಭೆಯವಳಲ್ಲ. ಅವಳು ಬೀಡಿ ಕಟ್ಟುತ್ತಾ ಜಗಲಿಯಲ್ಲಿ ಕೂತಿರುವಾಗ ಒಂದು ಚಿಕ್ಕ ಕೊಡೆಯು ಸಂಕದ ಕಡೆಗೆ ಇಳಿಯುವದನ್ನು ಕಂಡು, ಮೊರವನ್ನು ಕೆಳಗಿಟ್ಟು, ಬೊಬ್ಬೆ ಹಾಕುತ್ತಾ ಓಡಿಹೋಗಿ ಮಗುವಿನ ಕೈಯನ್ನು ಹಿಡಿದಿದ್ದಳು. ಹುಡುಗಿಯು ಅವಳ ಹಳೇ ಸೀರೆಯನ್ನು ಹೊದ್ದುಕೊಂಡು ಒಲೆಯ ಬಳಿ ಗಂಜಿ ಕುಡಿಯುತ್ತಾ ಕುಳಿತಿದ್ದಳು. ಮುದುಕಿಯು ತಾಯಿಯನ್ನು ಬೈಯಲಿಲ್ಲ. ನಮ್ಮ ಕಡೆಗೆ ತಿರುಗಿ, “ಅಯ್ಯಾ, ನೀವು ಆ ದಾರಿಯಲ್ಲೇ ಬಂದಿರಂತಲ್ಲಾ? ಮಗು ಹೇಳಿತು” ಎಂದು ಮಾತ್ರ ಹೇಳಿದಳು.

ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಓರೆಯಾಗಿ ಹೋದ ಯಾಜಕನ ಮೇಲೆಯೂ ಲೇವಿಯನ ಮೇಲೆಯೂ ನಾವು ಎಷ್ಟೋ ಸಾರಿ ಪ್ರಸಂಗ ಮಾಡಿದ್ದೆವು. ಆ ರಾತ್ರಿ ಆ ಉಪಮೆಯಲ್ಲಿ ನಮ್ಮ ಸ್ಥಳವು ಯಾವದೆಂದು ನಮಗೆ ತಿಳಿದು ಬಂತು. ದೇವಾಲಯದ ಸೇವೆಯು ಯಾಜಕನಿಗೆ ನೆವವಾಗಲಿಲ್ಲ. ಮನೆಪ್ರಾರ್ಥನೆಯು ನಮಗೂ ನೆವವಾಗಲಾರದು. ನೆರೆಯವಳಾದವಳು ಆ ಮುದುಕಿಯೇ.

ಈಗ ನಾವು ಕಲಿಯತಕ್ಕ ಸಂಗತಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ನೋಡುವದೇ ಒಂದು ಸೇವೆಯಾಗಿದೆ. ಮೋಶೆಯು ಕೂಸಾಗಿದ್ದಾಗ ಅವನ ತಾಯಿಯು ಅವನನ್ನು ಆಪಿನ ಪೆಟ್ಟಿಗೆಯಲ್ಲಿಟ್ಟು ಹೊಳೆಯ ದಡದ ಜಂಬುಹುಲ್ಲಿನಲ್ಲಿ ಬಿಟ್ಟಳು. ಅವನ ಅಕ್ಕನು ಏನಾಗುವದೋ ಎಂದು ತಿಳಿಯುವದಕ್ಕೆ ದೂರದಲ್ಲಿ ನಿಂತಳು. ಅವಳ ಕೈಯಲ್ಲಿ ಆಯುಧವಿರಲಿಲ್ಲ, ಹಣವಿರಲಿಲ್ಲ. ಅವಳು ದಾಸರ ಮನೆಯ ಹುಡುಗಿ. ಅವಳಿಂದ ಆದದ್ದು ಎರಡೇ ಕೆಲಸ: ಕಣ್ಣು ತೆಗೆಯದೆ ನಿಂತದ್ದು, ಸಮಯಕ್ಕೆ ಸರಿಯಾಗಿ ಓಡಿಹೋಗಿ ಒಂದು ಮಾತು ಹೇಳಿದ್ದು. ಅಷ್ಟರಿಂದ ಮಗುವು ತನ್ನ ತಾಯಿಯ ಮಡಿಲಿಗೇ ತಿರಿಗಿ ಬಂತು. ಮುಂದೆ ಒಂದು ಜನಾಂಗವೇ ಬಿಡುಗಡೆಯಾಯಿತು. ಮುದುಕರೇ, ಕಾಲುನೋವಿನಿಂದ ಜಗಲಿಯಲ್ಲಿ ಕೂತಿರುವವರೇ, ಸಭೆಗೆ ನಮ್ಮಿಂದ ಏನೂ ಪ್ರಯೋಜನವಿಲ್ಲವೆಂದು ಕೊರಗಬೇಡಿರಿ. ನಾಲ್ಕು ಗಂಟೆಗೆ ದಾರಿಯ ಕಡೆಗೆ ಮುಖಮಾಡಿ ಕುಳಿತು, ಇಂದು ಎಷ್ಟು ಮಕ್ಕಳು ದಾಟಿದರು, ಯಾರು ಬರಲಿಲ್ಲ ಎಂದು ಎಣಿಸುವದು ದೇವರ ಮುಂದೆ ದೊಡ್ಡ ಸೇವೆಯಾಗಿರುವದು. ನೂರು ಕುರಿಗಳುಳ್ಳವನು ಒಂದು ತಪ್ಪಿತೆಂದು ತಿಳಿದದ್ದು ಹೇಗೆ? ಅವನು ಎಣಿಸಿದ್ದರಿಂದಲೇ.

ಎರಡನೆಯದು, ನಮ್ಮ ಸೀಮೆಯ ಅಪಾಯಗಳನ್ನು ನಾವು ತಿಳಿದಿರಬೇಕು. ಮಲೆಯ ಬುಡದಲ್ಲಿರುವ ಈ ದೇಶವು ಚಂದವಾದದ್ದು. ಆದರೆ ಒಂಟಿಯಾದ ಮಗುವಿಗೆ ಕಠಿಣವಾದದ್ದು. ಕುಮಾರಧಾರೆಯೂ ಪಯಸ್ವಿನಿಯೂ ಅವುಗಳನ್ನು ಕೂಡುವ ಲೆಕ್ಕವಿಲ್ಲದ ತೋಡುಗಳೂ ಬೇಸಗೆಯಲ್ಲಿ ಮಕ್ಕಳು ಆಡುವ ಸ್ಥಳಗಳಾಗಿದ್ದು, ಘಟ್ಟದ ಮೇಲೆ ಮಳೆ ಬಿದ್ದರೆ ಸ್ವಲ್ಪ ಹೊತ್ತಿನಲ್ಲಿಯೇ ಕೆಂಪಾಗಿ ಉಕ್ಕುತ್ತವೆ. 2022ನೇ ಆಗಸ್ಟ್ 1ರ ಸಾಯಂಕಾಲ ಸುಬ್ರಹ್ಮಣ್ಯದ ಪರ್ವತಮುಖಿಯಲ್ಲಿ ಗುಡ್ಡವು ಮನೆಯ ಮೇಲೆ ಜರಿದು ಅಕ್ಕತಂಗಿಯರಾದ ಇಬ್ಬರು ಮಕ್ಕಳು ತೀರಿಹೋದರು. ಅದೇ ದಿನಗಳಲ್ಲಿ ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರು, ಕಲ್ಮಕಾರು ಕಡೆಗಳಲ್ಲಿ ನೆರೆಯು ಬಂದು ದಾರಿಗಳು ಕಡಿದುಹೋದವು. ಅದೇ ತಿಂಗಳಲ್ಲಿ ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿಬಿದ್ದು ನೀರಿನ ಪಾಲಾದಳು. ಇವುಗಳನ್ನು ಯಾರ ತಪ್ಪನ್ನೂ ಎಣಿಸುವದಕ್ಕಾಗಿ ಬರೆಯುವದಿಲ್ಲ. ಗುಡ್ಡ ಜರಿಯುವದನ್ನು ಯಾವ ನೆರೆಯವನೂ ತಡೆಯಲಾರನು. ಆದರೆ ತಡೆಯಬಹುದಾದವುಗಳನ್ನು ತಡೆಯದೆ ಇರುವದು ಪಾಪವಾಗಿದೆ.

ನೀರಿನ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಲೋಕದಲ್ಲಿ 5ರಿಂದ 14 ವರುಷದ ವರೆಗಿನ ಮಕ್ಕಳ ಮರಣಕ್ಕೆ ಕಾರಣವಾಗುವವುಗಳಲ್ಲಿ ನೀರಿನಲ್ಲಿ ಮುಳುಗುವದು ಮೂರನೆಯದು; 1ರಿಂದ 4 ವರುಷದವರಲ್ಲಿ ನಾಲ್ಕನೆಯದು. ಮುಳುಗುವ ಮಗುವು ಕೂಗಿ ಕರೆಯುವದೆಂದು ನಾವು ನೆನಸುತ್ತೇವೆ. ಹಾಗಲ್ಲ, ಬಾಯಿಯು ನೀರಿನಲ್ಲಿರುವಾಗ ಕೂಗುವದು ಹೇಗೆ? ಬಹಳ ಸಾರಿ ಅದು ಸದ್ದಿಲ್ಲದೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆದ್ದರಿಂದ ಕೂಗು ಕೇಳಿದರೆ ಓಡುತ್ತೇನೆ ಎನ್ನುವದು ಸಾಲದು, ಕಣ್ಣು ಬೇಕು. ತೋಟದ ಕೆರೆಗೂ ಕಟ್ಟೆಯಿಲ್ಲದ ಬಾವಿಗೂ ಬೇಲಿ ಬೇಕು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಸ ಹೊಂಡಗಳಲ್ಲಿ ಬಿದ್ದವನು ಈಜು ಬಲ್ಲವನಾದರೂ ಜಾರುವ ದಡವನ್ನು ಹತ್ತಲಾರನು. ಅಲ್ಲಿ ಒಂದು ಹಗ್ಗವನ್ನಾದರೂ ಕಟ್ಟಿ ಇಳಿಬಿಡಿರಿ. ಹೊಸ ಮನೆಯನ್ನು ಕಟ್ಟುವವನು ಮಾಳಿಗೆಗೆ ಗೋಡೆ ಕಟ್ಟದೆ ಹೋದರೆ ಬಿದ್ದವನ ರಕ್ತವು ಅವನ ಮನೆಯ ಮೇಲೆ ಬರುವದೆಂದು ಮೋಶೆಯ ಧರ್ಮಶಾಸ್ತ್ರವು ಎಚ್ಚರಿಸುತ್ತದೆ (ಧರ್ಮೋಪದೇಶಕಾಂಡ 22:8). ಮಾಳಿಗೆಗೆ ಹೇಳಿದ್ದು ಕೆರೆಗೂ ಸಲ್ಲುವದು.

ಬಂಗ್ಲಾದೇಶದ ಹಳ್ಳಿಗಳಲ್ಲಿ ನಮ್ಮಲ್ಲಿಯ ಹಾಗೆಯೇ ಮನೆಯ ಸುತ್ತಲೂ ನೀರು. ತಾಯಂದಿರು ಬೆಳಿಗ್ಗೆ ಕೆಲಸದಲ್ಲಿರುವಾಗ ಚಿಕ್ಕ ಮಕ್ಕಳು ಕೊಳಗಳಲ್ಲಿ ಬಿದ್ದು ಸಾಯುತ್ತಿದ್ದರು. ಅಲ್ಲಿ ಊರಿನವಳೇ ಆದ ಒಬ್ಬ ಸ್ತ್ರೀಯು ತನ್ನ ಮನೆಯಲ್ಲಿ ಇಪ್ಪತ್ತು ಇಪ್ಪತ್ತೈದು ಮಕ್ಕಳನ್ನು ಮಧ್ಯಾಹ್ನದ ವರೆಗೆ ನೋಡಿಕೊಳ್ಳುವ ಕ್ರಮವನ್ನು ಮಾಡಿದರು. ಆ ಮನೆಗಳಿಗೆ ‘ಆಂಚಲ್’ ಎಂದು ಹೆಸರು, ಅಂದರೆ ಸೆರಗು. ಅಲ್ಲಿಗೆ ಬರುವ ಮಕ್ಕಳಲ್ಲಿ ಮುಳುಗಿ ಸಾಯುವದು ಬಹಳ ಮಟ್ಟಿಗೆ ಕಡಿಮೆಯಾಯಿತು. ದೊಡ್ಡ ಕಟ್ಟಡವಾಗಲಿ ಯಂತ್ರವಾಗಲಿ ಇಲ್ಲದೆ, ನೆರೆಮನೆಯವಳ ಸೆರಗಿನಿಂದಲೇ ಇದು ಸಾಧ್ಯವಾಯಿತೆಂದು ತಿಳಿಯಿರಿ.

ಮೂರನೆಯದು, ಮಗುವು ಯಾರದೆಂದು ಕೇಳಿ ಆಮೇಲೆ ಕೈ ನೀಡಬಾರದು. ಇಲ್ಲಿ ನಮ್ಮ ಹೃದಯಗಳನ್ನು ಶೋಧಿಸಿಕೊಳ್ಳಬೇಕಾಗಿದೆ. ನಮ್ಮ ಹಳ್ಳಿಗಳಲ್ಲಿ ನೆರೆಯವರೊಂದಿಗೆ ಮಾತಿಲ್ಲದ ಮನೆಗಳು ಎಷ್ಟು! ತೋಟದ ಗಡಿಯ ಕಲ್ಲು ಒಂದು ಮಾರು ಸರಿಯಿತೆಂದು ಒಬ್ಬನು, ತೋಡಿನ ಕಟ್ಟದ ನೀರನ್ನು ತನ್ನ ಸರದಿಯಲ್ಲಿ ಬಿಡಲಿಲ್ಲವೆಂದು ಮತ್ತೊಬ್ಬನು, ತನ್ನ ದನವನ್ನು ಕಟ್ಟಿಹಾಕಿದರೆಂದು ಇನ್ನೊಬ್ಬನು. ಕೋರ್ಟಿನಲ್ಲಿ ಹತ್ತು ವರುಷದ ವ್ಯಾಜ್ಯ ನಡೆಯುತ್ತದೆ. ಇಬ್ಬರೂ ಆದಿತ್ಯವಾರ ಒಂದೇ ಮೇಜಿನಿಂದ ಕರ್ತನ ಭೋಜನವನ್ನು ತಕ್ಕೊಳ್ಳುತ್ತಾರೆ! ಆ ಮನೆಯ ಮಗುವು ಮಳೆಯಲ್ಲಿ ನೆನೆಯುತ್ತಾ ನಮ್ಮ ಅಂಗಳದ ಅಂಚಿನಲ್ಲಿ ನಿಂತರೆ ನಾವು ಏನು ಮಾಡುತ್ತೇವೆ? ಕರೆದರೆ ಅವರಿಗೆ ಸೋತಂತಾಗುವದು ಎಂದು ಬಾಗಲ ಮರೆಯಲ್ಲಿ ನಿಂತು ನೋಡುತ್ತೇವೆ. ಆ ಮಗುವಿಗೆ ಸರ್ವೇ ನಂಬರು ತಿಳಿಯದು. ಗಡಿಯ ಕಲ್ಲು ದೊಡ್ಡವರ ಮನಸ್ಸಿನಲ್ಲಿ ನೆಟ್ಟದ್ದು. ಮಗುವು ಅದನ್ನು ಕಾಣದೆ ದಾಟಿ ಬರುತ್ತದೆ.

ಕರ್ತನು ಶಿಷ್ಯರ ಮಧ್ಯದಲ್ಲಿ ಒಂದು ಮಗುವನ್ನು ನಿಲ್ಲಿಸಿ, ಇಂಥದೊಂದನ್ನು ತನ್ನ ಹೆಸರಿನಲ್ಲಿ ಸೇರಿಸಿಕೊಳ್ಳುವವನು ತನ್ನನ್ನೇ ಸೇರಿಸಿಕೊಳ್ಳುತ್ತಾನೆಂದು ಕಲಿಸಿದನು. ಅದು ಯಾರ ಮಗು, ಯಾವ ಮನೆಯದು, ತಂದೆಯ ನಡತೆ ಹೇಗೆ ಎಂಬುವದನ್ನು ಸುವಾರ್ತಿಕನು ಬರೆಯಲಿಲ್ಲ. ಬರೆಯದೆ ಬಿಟ್ಟದ್ದು ನಮ್ಮ ಉಪದೇಶಕ್ಕಾಗಿಯೇ ಎಂದು ನಾವು ಎಣಿಸುತ್ತೇವೆ. ಸೇರಿಸಿಕೊಳ್ಳತಕ್ಕ ಮಗುವು ನಮ್ಮ ಸಭೆಯದಾಗಿರಬಹುದು, ಮಸೀದಿಗೆ ಹೋಗುವವರದಾಗಿರಬಹುದು, ಭೂತಸ್ಥಾನಕ್ಕೆ ಹೋಗುವವರದಾಗಿರಬಹುದು. ನಮ್ಮ ಸಭೆಯ ಮಗುವನ್ನು ಎತ್ತಿ ತಂದವಳು ಯಾರೆಂದು ಮೇಲೆ ಬರೆದೆವಲ್ಲವೇ? ಹಾಗೆ ಬಂದ ಮಗುವಿಗೆ ಗಂಜಿಯೊಡನೆ ಮತಬೋಧನೆಯನ್ನೂ ಉಣಿಸಲು ಹೋಗಬೇಡಿರಿ. ತಾಯಿಯು ನಂಬಿ ಬಿಟ್ಟದ್ದನ್ನು ಹಾಗೆಯೇ ಅವಳ ಕೈಗೆ ಒಪ್ಪಿಸುವದೇ ನಮ್ಮ ಸಾಕ್ಷಿ.

ಇದು ನಮಗೆ ಹೊಸ ಉಪದೇಶವೂ ಅಲ್ಲ. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದ ಮೇಲೆ ನಮ್ಮ ಹಿರಿಯರಲ್ಲಿ ನಂಬಿದವರು ಅನೇಕರು ಕುಲದಿಂದ ಹೊರಗಾದರು. ಗೇಣಿಯ ಭೂಮಿಯನ್ನು ಕಳಕೊಂಡರು. ಅವರ ಮಕ್ಕಳಿಗೆ ಅಜ್ಜಿಯ ಮನೆ ಇಲ್ಲದೆ ಹೋಯಿತು, ಸೋದರಮಾವನ ಮನೆ ಇಲ್ಲದೆ ಹೋಯಿತು. ತಂದೆತಾಯಿಗಳು ನೇಯ್ಗೆಯ ಕಾರ್ಖಾನೆಗೂ, 1865ರಿಂದ ಹಂಚಿನ ಕಾರ್ಖಾನೆಗೂ ದುಡಿಯಲು ಹೋದಾಗ ಆ ಮಕ್ಕಳನ್ನು ನೋಡಿದವರು ಯಾರು? ಹತ್ತಿರದ ಮನೆಯವರೇ. ರಕ್ತಸಂಬಂಧವಿಲ್ಲದವರನ್ನು ದೊಡ್ಡಮ್ಮ, ಚಿಕ್ಕಪ್ಪ ಎಂದು ಕರೆಯುವ ನಮ್ಮ ಸಭೆಗಳ ವಾಡಿಕೆಯು ಅಂಥ ದಿವಸಗಳ ನೆನಪನ್ನು ಉಳಿಸುತ್ತದೆ. ಆ ಹೆಸರುಗಳನ್ನು ಇಟ್ಟುಕೊಂಡು ಆ ಕೆಲಸವನ್ನು ಬಿಟ್ಟುಬಿಟ್ಟರೆ ನಾವು ಬರಿದಾದ ಕಣಜದಂತೆ ಇರುವೆವು.

ನಾವು ನಡಿಸುವ ಆದಿತ್ಯವಾರದ ಶಾಲೆಯ ಮೂಲವೂ ಇದೇ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆಯವರು, ವಾರವೆಲ್ಲಾ ಕಾರ್ಖಾನೆಯಲ್ಲಿ ದುಡಿದು ಆದಿತ್ಯವಾರ ಬೀದಿಯಲ್ಲಿ ಅಲೆಯುವ ಮಕ್ಕಳನ್ನು ಕಂಡು, ಒಬ್ಬ ಸ್ತ್ರೀಯ ಮನೆಯಲ್ಲಿಯೇ ಅವರನ್ನು ಕೂಡಿಸಿ ಓದು ಕಲಿಸಲು ಏರ್ಪಾಡು ಮಾಡಿದರು. ಯಾರ ಲೆಕ್ಕಕ್ಕೂ ಸೇರದ ಮಕ್ಕಳ ಹೊತ್ತನ್ನು ಒಬ್ಬರು ತಮ್ಮ ಲೆಕ್ಕಕ್ಕೆ ಬರಕೊಂಡರು. ನಮ್ಮ ಪುತ್ತೂರಿನಲ್ಲಿಯೂ ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳಿಗಾಗಿ ಬಾಲವನವನ್ನು ಕಟ್ಟಿದರು. ಮಕ್ಕಳ ಹೊತ್ತಿಗೆ ಒಂದು ಸ್ಥಳ ಬೇಕೆಂಬುವದನ್ನು ಅವರವರು ಅವರವರ ರೀತಿಯಲ್ಲಿ ಕಂಡಿದ್ದಾರೆ.

ಹಾಗಾದರೆ ನಾವು ಏನು ಮಾಡತಕ್ಕದ್ದು? ಕೈಗೆ ನಿಲುಕುವ ಕೆಲವು ಕೆಲಸಗಳನ್ನು ಮಾತ್ರ ಹೇಳುತ್ತೇವೆ.

ನಿಮ್ಮ ದಾರಿಯಲ್ಲಿ ಹೋಗುವ ಮಕ್ಕಳ ಹೆಸರುಗಳನ್ನು ತಿಳಿದುಕೊಳ್ಳಿರಿ. ಕಡೇ ಮನೆಯ ಮಗು ಯಾವದು, ಅದು ಯಾವ ಸ್ಥಳದಿಂದ ಒಂಟಿಯಾಗುತ್ತದೆ ಎಂಬುವದನ್ನು ನೋಡಿರಿ. ಅದರ ತಾಯಿಯೊಂದಿಗೆ ನೀವೇ ಮೊದಲು ಮಾತಾಡಿ, “ಅಕ್ಕಾ, ನೀವು ಬರುವ ವರೆಗೆ ಮಗು ನಮ್ಮ ಜಗಲಿಯಲ್ಲಿ ಇರಲಿ” ಎಂದು ಹೇಳಿರಿ. ಅವರು ಕೇಳಲಿಲ್ಲವಲ್ಲಾ ಎಂದು ಕಾಯಬೇಡಿರಿ. ಬಡವರಿಗೆ ಕೇಳುವದಕ್ಕೆ ನಾಚಿಕೆ. ಮಗುವು ಬಂದ ಕೂಡಲೇ ತಾಯಿಗೆ ಫೋನಿನಲ್ಲಿ ಒಂದು ಮಾತು ತಿಳಿಸಿರಿ. ತಲೆ ಒರಸಲು ಒಂದು ಬಟ್ಟೆ, ಕುಡಿಯಲು ಬಿಸಿನೀರು, ತಿನ್ನಲು ಮನೆಯಲ್ಲಿದ್ದದ್ದು. ಇದಕ್ಕಿಂತ ಹೆಚ್ಚೇನೂ ಬೇಡ. ಮಳೆಯ ರಜೆಯ ದಿವಸಗಳನ್ನು ಮರೆಯಬೇಡಿರಿ. ಮಳೆ ಜೋರಾಗಿದೆಯೆಂದು ಶಾಲೆಗೆ ರಜೆ ಕೊಟ್ಟರೂ ತಾಯಿಯ ಕೆಲಸಕ್ಕೆ ರಜೆಯಿಲ್ಲ; ಅಂದು ಮಗುವು ಹಗಲೆಲ್ಲಾ ಒಂಟಿ. ರಬ್ಬರು ಕಡಿಯುವವರ ಮಕ್ಕಳು ಮುಂಜಾನೆಯೂ ಒಂಟಿಯಾಗಿಯೇ ಎದ್ದು ಶಾಲೆಗೆ ಹೊರಡುವರೆಂಬುವದನ್ನೂ ನೆನಸಿರಿ.

ಸಂಕಗಳ ವಿಷಯದಲ್ಲಿ ಊರವರೆಲ್ಲರೂ ಕೂಡಬೇಕು. ಸುಳ್ಯದ ಬಳಿಯ ಅರಂಬೂರಿನಲ್ಲಿ ಪಯಸ್ವಿನಿಯನ್ನು ದಾಟುವ ಕಷ್ಟಕ್ಕಾಗಿ ಹಳ್ಳಿಯವರು ಇಂಜಿನಿಯರರಾದ ಗಿರೀಶ್ ಭಾರದ್ವಾಜರನ್ನು ಕೇಳಿಕೊಂಡಾಗ, 1989ರಲ್ಲಿ ಅವರು ಅಲ್ಲಿ ತಮ್ಮ ಮೊದಲನೆಯ ತೂಗುಸೇತುವೆಯನ್ನು ಕಟ್ಟಿದರು. ಆಮೇಲೆ ಅವರು ಕಟ್ಟಿದವು ನೂರಕ್ಕೂ ಮಿಕ್ಕಿದವು. 2017ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಇಷ್ಟೂ ಆರಂಭವಾದದ್ದು ಹಳ್ಳಿಯವರು ಬಾಯಿಬಿಟ್ಟು ಕೇಳಿದ್ದರಿಂದ. ಹಾಗೆಯೇ ನಾವೂ ಗ್ರಾಮ ಪಂಚಾಯತಿಗೆ ಹೋಗಿ ಕೇಳಬೇಕು; ಪಂಚಾಯತಿನವರು ಕರೆಯುವ ಮಕ್ಕಳ ಗ್ರಾಮಸಭೆಯಲ್ಲಿ ನಮ್ಮ ಮಕ್ಕಳು ತಮ್ಮ ದಾರಿಯ ಕಷ್ಟವನ್ನು ತಾವೇ ಹೇಳುವಂತೆ ಧೈರ್ಯಪಡಿಸಬೇಕು. ಸಂಕವು ಆಗುವ ವರೆಗೆ ಮಳೆಗಾಲದ ನಾಲ್ಕು ತಿಂಗಳು ಶಾಲೆ ಬಿಡುವ ಹೊತ್ತಿಗೆ ಒಬ್ಬ ದೊಡ್ಡವನು ಅಲ್ಲಿ ನಿಲ್ಲಲಿ. ವಾರಕ್ಕೆ ಐದಾರು ದಿನ. ಐದಾರು ಮನೆಗಳು ಒಂದೊಂದು ದಿನವನ್ನು ಹಂಚಿಕೊಂಡರೆ ಯಾರಿಗೂ ಭಾರವಾಗದು. ಪಂಚಾಯತಿನ ಗ್ರಂಥಾಲಯವು ಹತ್ತಿರವಿದ್ದರೆ ಮಕ್ಕಳು ಅಲ್ಲಿ ಕೂತು ಓದುವ ಹಾಗೆಯೂ ಮಾಡಬಹುದು.

ಇನ್ನೊಂದು ಮಾತನ್ನು ಹೇಳುವದಕ್ಕೆ ಮನಸ್ಸು ಹಿಂಜರಿದರೂ ಹೇಳದೆ ಬಿಡಲಾಗದು. ಮಗುವನ್ನು ಕಾಯುತ್ತೇನೆಂದು ಹೇಳಿ ಕೆಡಿಸುವ ತೋಳಗಳೂ ಉಂಟು. ಅವು ಅನೇಕ ಸಾರಿ ಪರಿಚಿತರ ವೇಷದಲ್ಲಿಯೇ ಬರುತ್ತವೆ. ಆದ್ದರಿಂದ ನಮ್ಮ ಕಾವಲು ಬೆಳಕಿನಲ್ಲಿ ಇರಲಿ. ತೆರೆದ ಜಗಲಿಯಲ್ಲಿ, ದಾರಿಯವರು ಕಾಣುವ ಹಾಗೆ, ತಂದೆತಾಯಿಗಳ ಒಪ್ಪಿಗೆಯಿಂದ ಮಕ್ಕಳನ್ನು ಕೂರಿಸಿಕೊಳ್ಳಿರಿ. ಒಂದು ಮಗುವು ಇಂಥ ಮನೆಗೆ ಹೋಗಲಾರೆನೆಂದು ಅತ್ತರೆ ಅದನ್ನು ಗದರಿಸಬೇಡಿರಿ. ಕೂರಿಸಿ ಕೇಳಿರಿ, ನಂಬಿರಿ. ಇಂಥ ಪಾತಕವು ನಡೆದದ್ದು ತಿಳಿದೂ ಮುಚ್ಚಿಡುವದು ಸಭೆಯ ಮಾನವನ್ನು ಉಳಿಸುವದಲ್ಲ. 2012ರ ಪೋಕ್ಸೋ ಕಾಯಿದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯಕ್ಕಾಗಿರುವ 1098 ಎಂಬ ಫೋನ್ ಸಂಖ್ಯೆಯನ್ನು ಪ್ರತಿ ಮನೆಯ ಗೋಡೆಯ ಮೇಲೆ ಬರೆದಿಡಿರಿ. ಅಪವಾದ ಬಂದೀತೆಂದು ಹೆದರಿ ಒಳ್ಳೆಯದನ್ನೇ ಬಿಟ್ಟುಬಿಡುವವರಿಗೂ ಇದೇ ಉತ್ತರ: ಬೆಳಕಿನಲ್ಲಿ ಮಾಡಿದ್ದಕ್ಕೆ ಭಯವಿಲ್ಲ.

ತಂದೆತಾಯಿಗಳಿಗೂ ಒಂದು ಮಾತು. ನೆರೆಯವರು ನೋಡುವರೆಂದು ಹೇಳದೆ ಕೇಳದೆ ಮಗುವನ್ನು ಅವರ ಮೇಲೆ ಬಿಟ್ಟುಬಿಡಬೇಡಿರಿ. ಮರಿಯಳೂ ಯೋಸೇಫನೂ ನೆನಸಿಕೊಂಡು ನಡೆದದ್ದು ಒಂದು ಹಗಲು, ಹುಡುಕಿ ಕಂಡುಕೊಂಡದ್ದು ಮೂರು ದಿವಸಗಳ ಮೇಲೆ. ಬೆಳಿಗ್ಗೆ ಒಂದು ಮಾತು ಕೇಳಿದ್ದರೆ ಸಂಜೆಯ ಕಣ್ಣೀರು ತಪ್ಪುವದು. ನೋಡಿಕೊಂಡವರಿಗೆ ಉಪಕಾರ ಹೇಳಿರಿ. ನಿಮ್ಮ ರಜೆಯ ದಿನದಲ್ಲಿ ಅವರ ಮಕ್ಕಳನ್ನು ನೀವು ನೋಡಿರಿ.

ಇದಕ್ಕೆಲ್ಲಾ ಸಮಯವೆಲ್ಲಿ ಎಂದು ನೀವು ಕೇಳುವಿರೋ? ಇಸ್ರಾಯೇಲಿನ ಅರಸನಾದ ಅಹಾಬನ ಮುಂದೆ ಒಬ್ಬ ಪ್ರವಾದಿಯು ಹೇಳಿದ ಕಥೆಯನ್ನು ನೆನಸಿರಿ (1 ಅರಸುಗಳು 20). ಯುದ್ಧದಲ್ಲಿ ಒಬ್ಬನನ್ನು ಕಾಯುವದಕ್ಕೆ ಒಪ್ಪಿಸಿಕೊಂಡವನು ಅತ್ತ ಇತ್ತ ಬೇರೆ ಕೆಲಸದಲ್ಲಿದ್ದಾಗ ಕಾಯಬೇಕಾದವನು ಕಾಣದೆ ಹೋದನಂತೆ. ಅವನು ಮಲಗಿರಲಿಲ್ಲ, ಕುಡಿದಿರಲಿಲ್ಲ, ಕೆಲಸದಲ್ಲಿದ್ದನು. ಆದರೂ ತೀರ್ಪು ಅವನಿಗೆ ವಿರೋಧವಾಗಿ ಬಂತು.

2023ನೇ ಫೆಬ್ರವರಿ 20ರ ಬೆಳಿಗ್ಗೆ ನಮ್ಮ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ, ಹಾಲಿನ ಸೊಸೈಟಿಯ ಕೆಲಸಕ್ಕೆ ನಡೆದು ಹೋಗುತ್ತಿದ್ದ ಯುವತಿಯೊಬ್ಬಳ ಮೇಲೆ ಕಾಡಾನೆಯು ಬಿತ್ತು. ಅವಳ ಕೂಗನ್ನು ಕೇಳಿ ಊರಿನವರೊಬ್ಬರು ಸಹಾಯಕ್ಕೆ ಓಡಿಬಂದರು. ಆನೆಯು ಅವರನ್ನೂ ಕೊಂದಿತು. ಓಡುವಾಗ ಅವರು ತಮ್ಮ ಲಾಭನಷ್ಟವನ್ನು ಎಣಿಸಲಿಲ್ಲ. ಅವರ ಮುಂದೆ ನಾವು ಏನೆಂದು ಹೇಳೋಣ? ನಮ್ಮಿಂದ ದೇವರು ಕೇಳುವದು ಪ್ರಾಣವನ್ನಲ್ಲ. ನಾಲ್ಕು ಗಂಟೆಯಿಂದ ಆರು ಗಂಟೆಯ ವರೆಗೆ ತೆರೆದಿರುವ ಎರಡು ಕಣ್ಣುಗಳನ್ನು, ಒಂದು ಜಗಲಿಯನ್ನು.

ಹೊಲದಲ್ಲಿ ತಮ್ಮನನ್ನು ಕೊಂದ ಕಾಯಿನನನ್ನು ದೇವರು, ನಿನ್ನ ತಮ್ಮನೆಲ್ಲಿ ಎಂದು ಕೇಳಿದನು. ಆ ಪ್ರಶ್ನೆಗೆ ತಾನು ಕಾವಲುಗಾರನೋ ಎಂದು ಮರುಪ್ರಶ್ನೆ ಹಾಕಿದವನು ಅವನೇ ಮೊದಲನೆಯವನು. ಅದನ್ನು ಹೇಳುವ ಬಾಯಿಗಳು ಇಂದಿಗೂ ಮುಗಿಯಲಿಲ್ಲ. ಆ ಮಳೆಯ ಸಂಜೆ ನಮ್ಮ ಬಾಯಿ ಅದನ್ನು ಹೇಳಲಿಲ್ಲ, ನಮ್ಮ ಕಾಲುಗಳು ಹೇಳಿದವು. ಅಂದಿನಿಂದ ನಾವು ಪ್ರಾರ್ಥನೆಗೆ ಹೋಗುವ ದಾರಿಯಲ್ಲಿ ಒಂಟಿ ಮಗುವನ್ನು ಕಂಡರೆ ಅದನ್ನು ಮನೆ ಸೇರಿಸಿ ಆಮೇಲೆ ಹೋಗುತ್ತೇವೆ. ಕೂಟವು ತಡವಾಗಿ ಆರಂಭವಾಗುತ್ತದೆ. ಕಾದವರು ಯಾರೂ ಈ ವರೆಗೆ ಗೊಣಗಲಿಲ್ಲ.

ಪ್ರಿಯರೇ, ಇಂದು ಸಾಯಂಕಾಲ ದೀಪ ಹಚ್ಚಿ ಪ್ರಾರ್ಥನೆಗೆ ಮೊಣಕಾಲೂರುವ ಮೊದಲು ಒಮ್ಮೆ ಅಂಗಳಕ್ಕೆ ಇಳಿದು ನೋಡಿರಿ. ಗುಡ್ಡೆಯ ಮೇಲಿನ ಮನೆಯಲ್ಲಿ ಬೆಳಕು ಕಾಣುತ್ತದೋ? ಮಗು ಮನೆ ಸೇರಿತೋ? ಸೇರಿದ್ದರೆ ದೇವರಿಗೆ ಸ್ತೋತ್ರ ಮಾಡಿರಿ. ಸೇರದಿದ್ದರೆ ಟಾರ್ಚನ್ನು ಹಿಡಿದುಕೊಂಡು ಹೊರಡಿರಿ. ಆ ಹೊತ್ತಿನ ಪ್ರಾರ್ಥನೆಯು ಅದೇ.

ಚಿಕ್ಕವರಲ್ಲಿ ಒಬ್ಬನಾದರೂ ನಾಶವಾಗುವದನ್ನು ಇಚ್ಛಿಸದ ತಂದೆಯೇ, ನಾವು ಕಂಡೂ ದಾಟಿಹೋದ ಮಕ್ಕಳ ವಿಷಯದಲ್ಲಿ ನಮ್ಮನ್ನು ಕ್ಷಮಿಸು. ನಮ್ಮ ಜಗಲಿಗಳನ್ನು ನಿನ್ನ ಹೆಸರಿನಲ್ಲಿ ತೆರೆಯಿಸು. ದುಡಿಯುವ ತಂದೆತಾಯಿಗಳಿಗೆ ನೆಮ್ಮದಿಯನ್ನೂ, ಮಕ್ಕಳನ್ನು ಕಳಕೊಂಡ ಮನೆಗಳಿಗೆ ಆದರಣೆಯನ್ನೂ, ನಮ್ಮ ಮಗುವನ್ನು ಕಾಯುವ ಎಲ್ಲಾ ನೆರೆಯವರಿಗೆ ಪ್ರತಿಫಲವನ್ನೂ ದಯಪಾಲಿಸು. ಆಮೆನ್.